ಗೊರಕೆಯೂ ಹಿಂದಿನ ಸೀಟಿನ ಧೂಳೂ

ನನ್ನ ಸ್ಕೂಟರಿನ ಸೀಟಿನಲ್ಲಿ ಎರಡು ಪ್ರಾಂತ್ಯಗಳಿದ್ದವು. ಮುಂದಿನ ಅರ್ಧ ನನ್ನ ಪಂಚೆಯ ಸತತ ಸೇವೆಯಿಂದ ಕನ್ನಡಿಯಂತೆ ಹೊಳೆಯುತ್ತಿದ್ದರೆ, ಹಿಂದಿನ ಅರ್ಧದ ಮೇಲೆ ರಾಯದುರ್ಗದ ಧೂಳು ಎಷ್ಟು ನೆಮ್ಮದಿಯಾಗಿ ಪವಡಿಸಿತ್ತೆಂದರೆ, ಯಾರೋ ಪುಣ್ಯಾತ್ಮರು ಅದರ ಮೇಲೆ ಬೆರಳಿನಿಂದ ಶಿವನಾಮ ಬರೆದು ಹೋಗಿದ್ದರು, ಅದೂ ತೆಲುಗಿನಲ್ಲಿ. ಇಷ್ಟಕ್ಕೂ ಆ ಧೂಳಿಗೆ ಕಾರಣ ಗಾಳಿಯಲ್ಲ, ನನ್ನ ಗೊರಕೆ. ತರ್ಕಶಾಸ್ತ್ರದಲ್ಲಿ ಈ ಕಾರ್ಯಕಾರಣ ಸಂಬಂಧಕ್ಕೆ ದೃಷ್ಟಾಂತ ಸಿಗಲಾರದು. ಆದ್ದರಿಂದ ಓದುಗರು ಸ್ವಲ್ಪ ತಾಳ್ಮೆಯಿಂದ ನನ್ನ ಜೊತೆ ಬರಬೇಕು.

ಗೊರಕೆ ನಮ್ಮ ವಂಶದ ಸ್ಥಿರಾಸ್ತಿ. ತಾತನವರದು ಗಂಭೀರ ಮಂದ್ರ, ತಂದೆಯವರದು ಮಧ್ಯಸ್ಥಾಯಿ. ನನ್ನದು ಮೂರೂ ಸ್ಥಾಯಿಗಳಲ್ಲಿ ಸಂಚರಿಸುವಂಥದೆಂದು ಬಲ್ಲವರ ಅಭಿಪ್ರಾಯ. ನಾನಂತೂ ಕೇಳಿಲ್ಲ. ಜಗತ್ತಿನಲ್ಲಿ ಹಾಡಿದವನಿಗೆ ಮಾತ್ರ ಕೇಳಿಸದ ಸಂಗೀತವೆಂದರೆ ಇದೊಂದೇ, ಹಾಗಾಗಿ ಇದರಲ್ಲಿ ಅಹಂಕಾರಕ್ಕೂ ಎಡೆಯಿಲ್ಲ. ಮೇಲಾಗಿ ನಮ್ಮ ಓಣಿಯಲ್ಲಿ ಮನೆಗೊಂದು ಜೀನ್ಸ್ ಹೊಲಿಯುವ ಮಿಷನ್ನು. ಆ ಮಿಷನ್ನುಗಳಿಗೆ ಗುಂಡಿ, ದಾರ, ಜಿಪ್ಪು ಒದಗಿಸುವ ಅಂಗಡಿ ನನ್ನದು. ಇಷ್ಟು ಸದ್ದಿನ ಊರಿನಲ್ಲಿ ಒಬ್ಬ ಗುಂಡಿ ವ್ಯಾಪಾರಿಯ ಮೂಗಿನ ಸದ್ದು ಯಾರ ನಿದ್ರೆ ಕೆಡಿಸೀತು? ನನ್ನ ಪತ್ನಿ ಗಿರಿಜೆಯ ನಿದ್ರೆಯೊಂದನ್ನು ಬಿಟ್ಟು, ಎಂದು ನಾನು ಉದಾರವಾಗಿ ಒಪ್ಪಿಕೊಳ್ಳುತ್ತಿದ್ದೆ.

ಗಿರಿಜೆಯ ತವರು ಮಡಕಶಿರಾ ಕಡೆಯ ಅಮರಾಪುರ. ಅಲ್ಲಿ ನನ್ನ ಗೊರಕೆಗೆ ಸಂದ ಗೌರವ ಆಸ್ಥಾನ ವಿದ್ವಾಂಸರಿಗೂ ಸಂದಿರಲಾರದು. ಮುದ್ದೆ, ಹುರುಳಿಸಾರು ಉಂಡ ಅಳಿಯ ನಡುಮನೆಯಲ್ಲಿ ಗೊರಕೆ ಹೊಡೆದರೆ ಊಟ ಒಪ್ಪಿತೆಂದು ಅರ್ಥ. ಹೊಡೆಯದಿದ್ದರೆ ಉಪ್ಪೋ ಹುಳಿಯೋ ಹೆಚ್ಚುಕಮ್ಮಿಯಾಯಿತೆಂದು ಅತ್ತೆಯವರಿಗೆ ಚಿಂತೆ. ಮಲಗಿದ ಅಳಿಯನನ್ನು ಎಬ್ಬಿಸುವುದಂತೂ ಆ ಮನೆಯಲ್ಲಿ ಮಹಾಪಾತಕ. "ನಮ್ಮ ಅಳಿಯಂದ್ರು ಮನಗಿದ್ರೆ ಊರಿಗೇ ಗೊತ್ತಾಗ್ತದೆ" ಎಂದು ಅತ್ತೆ ನೆರೆಯವರಲ್ಲಿ ಹೇಳಿಕೊಳ್ಳುತ್ತಿದ್ದರು. ನಡುನಡುವೆ ನನ್ನ ಗೊರಕೆ ಹಠಾತ್ತನೆ ನಿಂತು, ಉಸಿರೂ ನಿಂತು, ಆಮೇಲೆ ಬಾವಿಗೆ ಬಿದ್ದ ಕೊಡವನ್ನು ಎಳೆದಂತೆ ಮತ್ತೆ ಹೊರಡುತ್ತದೆಂಬ ವರದಿ ಬಂದಾಗ, ಅದು ಕುಂಭಕವೆಂದು ನಾನು ವ್ಯಾಖ್ಯಾನಿಸಿದೆ. ಯೋಗಿಗಳು ಆಸನ ಹಾಕಿ ಮೂಗು ಹಿಡಿದು ವರ್ಷಗಟ್ಟಲೆ ಸಾಧಿಸುವುದನ್ನು ನಾನು ಹಾಸಿಗೆಯಲ್ಲಿ, ಗುರುದಕ್ಷಿಣೆಯಿಲ್ಲದೆ ಸಾಧಿಸಿದ್ದೆ.

ಸಿದ್ಧಿಗೆ ತಕ್ಕ ಬೆಲೆಯೂ ಇರುತ್ತದಲ್ಲ. ಬೆಳಿಗ್ಗೆ ತಲೆಭಾರ, ಹಗಲೆಲ್ಲ ತೂಕಡಿಕೆ. ಅಂಗಡಿಯಲ್ಲಿ ಗಿರಾಕಿಗೆ ಜಿಪ್ಪು ಅಳೆಯುತ್ತ ಅಳೆಯುತ್ತ ಅರ್ಧಕ್ಕೇ ಸಮಾಧಿಸ್ಥನಾಗುತ್ತಿದ್ದೆ. ಒಮ್ಮೆ ಕಣೇಕಲ್ಲಿನ ಮದುವೆಗೆ ಹೋಗುವಾಗ ನಾನು ಕಣ್ಣು ಮಿಟುಕಿಸಿದೆ, ಅಷ್ಟೆ. ತೆರೆಯುವಷ್ಟರಲ್ಲಿ ಸ್ಕೂಟರು ಭತ್ತದ ಗದ್ದೆಯಲ್ಲಿತ್ತು. ರೇಷ್ಮೆ ಸೀರೆಯ ಗಿರಿಜೆ ಮೊಳಕಾಲುದ್ದ ಕೆಸರಿನಲ್ಲಿ ನಿಂತು, "ನಿಮ್ಮ ಗಾಡಿ ಮ್ಯಾಲೆ ಇನ್ನು ಕುಂತ್ಕಳಲ್ಲ ಕಣ್ರೀ" ಎಂದಳು. ಗದ್ದೆಯನ್ನು ರಸ್ತೆಗೆ ಅಷ್ಟು ಹತ್ತಿರ ಮಾಡಿದವರದೇ ತಪ್ಪೆಂದು ನಾನು ವಾದಿಸಿದೆ. ಗೆಲ್ಲಲಿಲ್ಲ.

ಅಂದಿನಿಂದ ಅವಳು ನಮ್ಮ ಓಣಿಯ ಭಾಷಾನ ಆಟೋದಲ್ಲಿ ಮುಂದೆ, ನಾನು ಸ್ಕೂಟರಿನಲ್ಲಿ ಒಂಟಿಯಾಗಿ ಹಿಂದೆ. ಸಂತೆಗೆ ಹೀಗೆ, ಗುಡಿಗೂ ಹೀಗೆ. ಊರು ಇದನ್ನು ನೋಡದಿರಲು ಸಾಧ್ಯವೇ? "ಯಾಕ್ರಿ ಅಣ್ಣಾರ, ಮನ್ಯಾಗ ಜಗಳ ಏನ್ರಿ? ಅಕ್ಕಾರ ದಾರ್ಯಾಗ ಮಾತೇ ಆಡಂಗಿಲ್ಲ" ಎಂದು ಭಾಷಾ ಮಾರುಕಟ್ಟೆಯ ನಡುವೆಯೇ ಕೇಳಿದ. "ಮಾತಾಡಂಗಿಲ್ಲಂದ್ರ ಏನ್ ಮಾಡ್ತಾಳ?" ಎಂದೆ. "ನಿದ್ದಿ ಮಾಡ್ತಾರ್ರಿ. ಹತ್ತಿ ಕುಂತ್ರ ಸಾಕು, ಮಗಾ ಮಲಗಿದಂಗ ಮಲಗ್ತಾರ." ಇಬ್ಬರೂ ಹಗಲಿನಲ್ಲೇ ನಿದ್ರಿಸುವ ದಂಪತಿಗಳಲ್ಲಿ ದೋಷ ಒಬ್ಬರದೇ ಹೇಗಾದೀತು ಎಂದು ನಾನು ನಕ್ಕು ಮುಂದೆ ಸಾಗಿದೆ.

ನನ್ನ ಯೋಗಸಿದ್ಧಿಯ ಮಾನಭಂಗವಾದದ್ದು ಅಮರಾಪುರದಲ್ಲೇ. ಬಿತ್ತನೆಗೆ ಮುಂಚಿನ ದಿನಗಳು. ಊಟವಾದ ಮೇಲೆ ಹೆಂಗಸರು ಜಗಲಿಯಲ್ಲಿ ಬೀಜದ ಕಡ್ಲೆಕಾಯಿ ಸುಲಿಯಲು ಕೂತಿದ್ದರು. (ನಮ್ಮಲ್ಲಿ ಇದು ಶೇಂಗಾ. ಈ ಕಾಯಿಯ ಹೆಸರಿಗೆ ನಮ್ಮ ಮನೆಯಲ್ಲಿ ನಡೆದಿರುವ ಯುದ್ಧಗಳು ಬೇರೆ ಪ್ರಬಂಧದ ವಸ್ತು.) ನಾನು ಒಳಗೆ ಎಂದಿನಂತೆ ಸಾಧನೆಯಲ್ಲಿದ್ದೆ. ಸಂಜೆ ಗಿರಿಜೆ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದು, "ನೋಡ್ರಿ" ಎಂದಳು, ಅಷ್ಟೆ.

ಆ ವಿಡಿಯೋದಲ್ಲಿ ನಾನೇ ಇರಲಿಲ್ಲ. ಸುಲಿಯುವ ಕೈಗಳಿದ್ದವು. ಒಳಗಿನಿಂದ ಮರ ಕೊಯ್ಯುವ ಸದ್ದು. ಅದರ ಲಯಕ್ಕೆ ಕಾಯಿಗಳು ಚಟ್ ಚಟ್ ಎಂದು ಒಡೆಯುತ್ತಿದ್ದವು. ಇದ್ದಕ್ಕಿದ್ದಂತೆ ಸದ್ದು ನಿಂತಿತು. ಕೈಗಳೆಲ್ಲ ನಿಂತವು. ಎಲ್ಲರ ಮುಖ ನಡುಮನೆಯ ಬಾಗಿಲ ಕಡೆ. ಅತ್ತೆಯವರ ಬೆರಳುಗಳ ನಡುವೆ ಒಡೆಯದ ಒಂದು ಕಾಯಿ. ತುಟಿ ಮಾತ್ರ ಶಿವ ಶಿವ ಎನ್ನುತ್ತಿತ್ತು. "ಎಬ್ಬುಸ್ಲೇನವ್ವಾ?" ಎಂದು ಗಿರಿಜೆಯ ದನಿ. "ಸುಮ್ಕಿರು, ಅಳಿಯಂದ್ರು... ಇನ್ನೊಂದ್ಗಳಿಗೆ ನೋಡು" ಎಂದು ಅತ್ತೆ. ಆಮೇಲೆ ಒಳಗಿನಿಂದ ಆ ಕೊಡ ಎಳೆದ ಭಯಂಕರ ಸದ್ದು. ಚಟ್ ಎಂದು ಕಾಯಿ ಒಡೆಯಿತು. ಜಗಲಿಯೆಲ್ಲ ಉಸಿರು ಬಿಟ್ಟಿತು.

ಊರಿಗೆಲ್ಲ ನನ್ನ ಗೊರಕೆಯ ಕೀರ್ತಿ ಸಾರುತ್ತಿದ್ದ ಆ ಮುದುಕಿ ಹೆಮ್ಮೆಯ ಸೆರಗಿನಡಿ ಕಟ್ಟಿಕೊಂಡದ್ದು ಮಗಳ ಮಾಂಗಲ್ಯದ ಭಯವನ್ನು. ನಾನು ಕುಂಭಕ ಮಾಡುವಾಗ ನಿಜಕ್ಕೂ ಉಸಿರು ಬಿಗಿಹಿಡಿಯುತ್ತಿದ್ದವರು ಅವರು. ಗಿರಿಜೆಯಾದರೋ ಆ ಉಸಿರನ್ನು ಪ್ರತಿರಾತ್ರಿ ಒಬ್ಬಳೇ ಹಿಡಿದಿದ್ದಳು.

ಬಳ್ಳಾರಿಯ ವೈದ್ಯರು ನನ್ನ ಯೋಗಶಾಸ್ತ್ರಕ್ಕೆ ಕಿವಿಗೊಡಲಿಲ್ಲ. ನಿದ್ರೆಯಲ್ಲಿ ಗಂಟಲಿನ ಮಾಂಸ ಸಡಿಲಾಗಿ ದಾರಿ ಕಿರಿದಾದರೆ ಅದು ಗೊರಕೆ. ದಾರಿಯೇ ಮುಚ್ಚಿದರೆ ಉಸಿರು ಕಟ್ಟಿ, ರಕ್ತದಲ್ಲಿ ಪ್ರಾಣವಾಯು ಇಳಿದು, ಮಿದುಳು ಗಾಬರಿಯಿಂದ ತಟ್ಟಿ ಎಬ್ಬಿಸುತ್ತದೆ. ಎಬ್ಬಿಸಿದ್ದು ಮಲಗಿದವನಿಗೆ ತಿಳಿಯದು, ಹಗಲಿನ ತೂಕಡಿಕೆಗೆ ತಿಳಿಯುತ್ತದೆ. ಬಿ.ಪಿ., ಹೃದಯ, ಎರಡಕ್ಕೂ ಕೇಡು. ಗೊರಕೆ ಹೊಡೆಯುವವರೆಲ್ಲ ರೋಗಿಗಳಲ್ಲ, ಆದರೆ ಉಸಿರು ನಿಲ್ಲುವವರು ಪರೀಕ್ಷೆಗೆ ಬರಲೇಬೇಕು ಎಂದರು. ಮೂಗಿಗೆ, ಬೆರಳಿಗೆ, ಎದೆಗೆ ತಂತಿ ಸುತ್ತಿ ಒಂದು ರಾತ್ರಿ ಮಲಗಿಸಿದರು. ಹೊಟ್ಟೆ ಇಳಿಸಿ, ರಾತ್ರಿ ಹಿತಮಿತವಾಗಿ ಉಣ್ಣಿ, ಅಂಗಾತ ಮಲಗದೆ ಮಗ್ಗುಲಾಗಿ, ಮದ್ಯವನ್ನೂ ನಿದ್ರೆ ಮಾತ್ರೆಯನ್ನೂ ಮುಟ್ಟಬೇಡಿ, ಗಾಡಿ ಸದ್ಯಕ್ಕೆ ಮೂಲೆಗೆ ನಿಲ್ಲಿಸಿ ಎಂದರು. ಕೊನೆಗೆ ಗಾಳಿ ಒತ್ತಿ ಗಂಟಲನ್ನು ತೆರೆದಿಡುವ ಯಂತ್ರವೊಂದನ್ನು ಕೊಟ್ಟರು. ಅದರ ಮುಖವಾಡ ಧರಿಸಿದರೆ ನಾನು ಹೊಲಕ್ಕೆ ಔಷಧಿ ಹೊಡೆಯಲು ಹೊರಟವನಂತೆ ಕಾಣುತ್ತೇನೆ. ಮೊದಮೊದಲು ಕಿತ್ತೆಸೆದೆ, ಆ ಒಡೆಯದ ಕಾಯಿ ನೆನಪಾಗಿ ಮತ್ತೆ ಕಟ್ಟಿಕೊಂಡೆ.

ಮುಂದಿನ ಬಾರಿ ಅಮರಾಪುರದ ನಡುಮನೆಯಲ್ಲಿ ಯಂತ್ರ ಹಾಕಿ ಮಲಗಿ ಎದ್ದಾಗ ಅತ್ತೆಯವರ ಮುಖ ಬಾಡಿತ್ತು. "ಸಾರು ಸೇರ್ಲಿಲ್ವ ನಿಮ್ಗೆ?" ಎಂದರು. ಪಕ್ಕದಲ್ಲಿ ಸುಲಿದ ಬೀಜದ ಮೊರ ತುಂಬಿ ತುಳುಕುತ್ತಿತ್ತು.

ವೈದ್ಯರು ಗಾಡಿಗೆ ಅಪ್ಪಣೆ ಕೊಟ್ಟ ಮೇಲೂ ಗಿರಿಜೆ ಬಹುಕಾಲ ಆಟೋ ಬಿಡಲಿಲ್ಲ. ಮೊನ್ನೆ ಸಂತೆಯ ದಿನ ತಾನಾಗಿ ಬಂದು, ಹಿಂದಿನ ಸೀಟನ್ನು ಸೆರಗಿನಿಂದ ಒರೆಸಿ, ಶಿವನಾಮದ ಸಮೇತ ಧೂಳು ಝಾಡಿಸಿ ಕೂತಳು. ಊರ ಹೊರಗಿನ ಹೊಂಗೆಮರಗಳು ಬರುವಷ್ಟರಲ್ಲಿ ಬೆನ್ನಿಗೆ ಅವಳ ತಲೆ ಒರಗಿತು. ಎಷ್ಟೋ ವರ್ಷಗಳ ಬಾಕಿ ನಿದ್ರೆ. ಅದರ ಹಿಂದೆಯೇ ಸಣ್ಣದೊಂದು ಗೊರಕೆ. ಮೆಲ್ಲನೆ ಗಾಡಿ ನಿಲ್ಲಿಸಿ, ಎರಡೂ ಕಾಲು ನೆಲಕ್ಕೂರಿ, ನನ್ನ ಸೊಂಟದ ಮೇಲಿದ್ದ ಅವಳ ಕೈಯನ್ನು ಹಿಡಿದುಕೊಂಡೆ. ಎದುರಿನಿಂದ ಬಂದ ಭಾಷಾ ಹಾರ್ನಿಗೆ ಕೈ ಹಾಕಿದ್ದವನು ನನ್ನ ಮುಖ ನೋಡಿ ಕೈ ತೆಗೆದ.

ಅವಳ ಗೊರಕೆ ಒಂದು ಕ್ಷಣ ನಿಂತಿತು. ನಾನೂ ಉಸಿರು ಬಿಗಿಹಿಡಿದೆ.