ಪ್ಲಾಸ್ಟಿಕ್ ಹಿಮದ ಮೇಲೆ ರಾಹುಕಾಲ

ಲಂಡನ್ನಿನಲ್ಲಿ ಸ್ಕೀ ಕೇಂದ್ರ ನಡೆಸುತ್ತೇನೆ ಎಂದರೆ ಎಲ್ಲರೂ ಮೊದಲು ಕೇಳುತ್ತಿದ್ದದ್ದು ಹಿಮ ಎಲ್ಲಿ ಅಂತ. ಹಿಮ ಇರಲಿಲ್ಲ. ಹೌನ್ಸ್ಲೋ ಕಡೆಯ ಒಂದು ಪಾರ್ಕಿನ ಮೂಲೆಯಲ್ಲಿ ಕೌನ್ಸಿಲ್ಲಿನಿಂದ, ಅಂದರೆ ಅಲ್ಲಿನ ನಗರಸಭೆಯಿಂದ, ಲೀಸಿಗೆ ಪಡೆದ ಜಾಗ, ಅಲ್ಲಿ ಬ್ರಷ್ಷಿನಂಥ ಪ್ಲಾಸ್ಟಿಕ್ ಚಾಪೆ ಹಾಸಿದ ದಾರಿ. ಬೆಟ್ಟದಿಂದ ಜಾರುವ ಸ್ಕೀ ಅಲ್ಲ, ಕೋಲೂರಿಕೊಂಡು ಬಯಲಿನಲ್ಲಿ ನಡೆದಂತೆ ಜಾರುವ ಸ್ಕೀ. ತೊಂಬತ್ತರ ದಶಕದಲ್ಲಿ ಅದರ ಮ್ಯಾನೇಜರ್ ನಾನು. ಮ್ಯಾನೇಜರ್ ಅಂದರೆ ಫೋನು ಎತ್ತುವವಳು, ಬೂಟಿನ ನಾತಕ್ಕೆ ಸ್ಪ್ರೇ ಹೊಡೆಯುವವಳು, ಟೀ ಮಾಡುವವಳು, ಮಳೆ ಬಂದದ್ದಕ್ಕೂ ನನ್ನನ್ನೇ ಬೈಯುವವರ ಎದುರು ಹಲ್ಲು ಕಿರಿಯುವವಳು.

ಒಂದು ಬೇಸಿಗೆಯಲ್ಲಿ ಲೀಸು ಮುಗಿಯಲು ಬಂತು. ಬೇರೆ ಬೇರೆ ಸಮುದಾಯದವರು ಈ ಜಾಗ ಬಳಸುತ್ತಾರೋ ಇಲ್ಲವೋ ನೋಡಿ ಮುಂದಿನ ಮಾತು ಎಂದು ಪತ್ರ ಬರೆಯಿತು ಕೌನ್ಸಿಲ್. ಭಾನುವಾರ ನಾಲ್ಕೂವರೆಗೆ ಅಧಿಕಾರಿಯೊಬ್ಬಳು ಬಂದು ಅರ್ಧ ಗಂಟೆ ನೋಡುತ್ತಾಳಂತೆ. ನಮ್ಮವರಿಲ್ಲವೇ ಎಂದು ಉಬ್ಬಿಹೋದೆ. ಲಂಡನ್ನಿನ ಉತ್ತರದ ಕ್ವೀನ್ಸ್‌ಬರಿಯಿಂದ ದಕ್ಷಿಣದ ಸಟನ್‌ವರೆಗೆ ಗೊತ್ತಿದ್ದ ಕನ್ನಡದ ಮನೆಗಳಿಗೆಲ್ಲ ಫೋನು ಮಾಡಿ, ಕಾಲು ಹಿಡಿಯುವುದೊಂದು ಬಾಕಿ ಎನ್ನುವಷ್ಟು ಬೇಡಿಕೊಂಡು ಒಪ್ಪಿಸಿದೆ.

ಬಂದರು, ಪುಳಿಯೋಗರೆ ಡಬ್ಬಿಗಳ ಸಮೇತ. ನಲವತ್ತು ಜನರಿಗೆ ನಾನೇ ಮಂಡಿಯೂರಿ ಬೂಟು ತೊಡಿಸಿದೆ. ಕೊನೆಯ ಲೇಸು ಕಟ್ಟುವ ಹೊತ್ತಿಗೆ ಸರಿಯಾಗಿ ನಾಲ್ಕೂವರೆ. ಆಗ ಸಟನ್ನಿನ ಡಾಕ್ಟರೊಬ್ಬರ ತಾಯಿ, ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ಅಜ್ಜಿ, ಕೈಗೆ ಕೊಟ್ಟಿದ್ದ ಸ್ಕೀ ಕೋಲು ಕೆಳಗಿಟ್ಟರು.

“ಇವತ್ತು ಭಾನುವಾರ ಅಲ್ವೇನಮ್ಮ? ಆರು ಗಂಟೆವರೆಗೂ ರಾಹುಕಾಲ. ಈಗ ಇದನ್ನ ಕಾಲಿಗೆ ಕಟ್ಕೊಂಡು ಹೊರಡೋದಾ?”

“ಅಮ್ಮಾ, ರಾಹುಕಾಲ ಸೂರ್ಯನ ಲೆಕ್ಕ. ಇಲ್ಲಿ ಸೂರ್ಯ ಮುಳುಗೋದೇ ಒಂಬತ್ತಕ್ಕೆ. ಇಲ್ಲಿನ ರಾಹುಕಾಲ ಏಳರ ಮೇಲೆ,” ಎಂದರು ಡಾಕ್ಟರು.

“ನಿನ್ನ ಲೆಕ್ಕ ಆಸ್ಪತ್ರೇಲಿಟ್ಕೋ. ಬಿದ್ದು ಸೊಂಟ ಮುರಿದ್ರೆ?”

ಸೊಂಟದ ಮಾತು ಬಂದದ್ದೇ ತಡ, ಹೆಂಗಸರೆಲ್ಲ ಬೆಂಚಿಗೆ ಅಂಟಿಕೊಂಡರು. ನಂಬಿಕೆ ಇಲ್ಲ, ಆದರೂ ಸುಮ್ಮನೆ ಯಾಕೆ ಎನ್ನುತ್ತ ಗಂಡಸರೂ ಕೂತರು. “ವೈ ಆರ್ ವೀ ಜಸ್ಟ್ ಸಿಟ್ಟಿಂಗ್?” ಎಂದು ಮಕ್ಕಳು ಪ್ರಾಣ ತಿಂದರೂ ಯಾರೂ ಅವರನ್ನು ಬಿಡಲಿಲ್ಲ. ಬೈಯೋಣವೆಂದರೆ ಯಾವ ಬಾಯಲ್ಲಿ ಬೈಯಲಿ? ಹೊಸ ಕುಕ್ಕರ್ ಒಲೆಗೇರಿಸಲೂ ಕ್ಯಾಲೆಂಡರ್ ನೋಡುವವಳು ನಾನು; ಈ ನಾಲ್ಕೂವರೆಗೆ ಮಾತ್ರ ನೋಡಿರಲಿಲ್ಲ. ಕೌನ್ಸಿಲ್ಲಿನ ಪತ್ರ ಇಂಗ್ಲಿಷಿನಲ್ಲಿತ್ತೆಂದು ರಾಹುವಿಗೂ ರಜೆ ಎಂದುಕೊಂಡಿದ್ದೆನೇನೋ.

ಗೇಟಿನಲ್ಲಿ ಅಧಿಕಾರಿ ಕಾಣಿಸಿದಳು. ಅಜ್ಜಿಯ ಕೈ ಹಿಡಿದೆ. “ಅಮ್ಮಾ, ಎರಡೇ ಹೆಜ್ಜೆ. ಇದು ನನ್ನ ಕೆಲಸದ ಪ್ರಶ್ನೆ.”

“ನಿನ್ನ ಕೆಲಸದ ಪ್ರಶ್ನೆ ಅಂದ್ಮೇಲಂತೂ ಬೇಡವೇ ಬೇಡ ಕಣಮ್ಮ. ನಿನಗೇ ಕೇಡು.”

ಅಧಿಕಾರಿ ಕಂಡದ್ದು ಸ್ಕೀ ಬೂಟು ಹಾಕಿಕೊಂಡು ಪುಳಿಯೋಗರೆ ತಿನ್ನುತ್ತಿದ್ದ ನಲವತ್ತು ಜನರನ್ನು. ಅಜ್ಜಿ ಅವಳಿಗೂ ಒಂದು ತಟ್ಟೆ ಬಡಿಸಿದರು. ಆಕೆ ಚಪ್ಪರಿಸಿ ತಿಂದು, ಏನೋ ಬರೆದುಕೊಂಡು, ಐದಕ್ಕೆ ಹೊರಟುಹೋದಳು. ಆರು ಹೊಡೆದದ್ದೇ ಎಲ್ಲರೂ ಎದ್ದರು. ಅಜ್ಜಿ ಸೀರೆ ಎತ್ತಿ ಕಟ್ಟಿ, ಮಗನ ತೋಳು ಹಿಡಿದು, ಒಮ್ಮೆಯೂ ಬೀಳದೆ ಪೂರಾ ಒಂದು ಸುತ್ತು ಜಾರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಸಿಟ್ಟಿನಲ್ಲಿ ಕಣ್ಣು ತುಂಬಿತ್ತು.

ತಿಂಗಳೊಳಗೆ ಪತ್ರ ಬಂತು. ಜನ ಇದನ್ನು ಪಿಕ್ನಿಕ್‌ಗೆ ಬಳಸುತ್ತಾರೆ, ಅದಕ್ಕೆ ಪಾರ್ಕೇ ಸಾಕು, ಲೀಸು ಮುಂದುವರಿಸುವುದಿಲ್ಲ. ಪತ್ರ ಕೈಯಲ್ಲಿರುವಾಗಲೇ ಫೋನು ಹೊಡೆದುಕೊಂಡಿತು. ಅಜ್ಜಿ.

“ಊರಿಗೆ ಹೊರಡೋಕೆ ಮುಂಚೆ ಇನ್ನೊಂದ್ಸಲ ಜಾರ್ಬೇಕು ಕಣಮ್ಮ. ಈ ಸಲ ಬೆಳಿಗ್ಗೆನೇ ಬರ್ತೀನಿ. ನಿನ್ನ ಕೆಲಸಕ್ಕೇನೂ ತೊಂದರೆ ಆಗ್ಲಿಲ್ಲ ತಾನೇ?”

“ಏನೂ ಆಗ್ಲಿಲ್ಲಮ್ಮ, ಬನ್ನಿ,” ಎಂದೆ.