ಹದಿನೇಳು ಇಂಚಿನ ಪರದೆ

ಗೋಕಾಕದ ಕೋರ್ಟಿನ ಹತ್ತಿರ ಅಣ್ಣಾಸಾಹೇಬರ ಪ್ರೆಸ್ಸಿತ್ತು. ಅಲ್ಲಿಯ ಮದುವೆ ಕಾರ್ಡು, ಕರಪತ್ರ, ವಕೀಲರ ಅರ್ಜಿ ಎಲ್ಲವೂ ಶೋಭಾಳ ಕೈಯಿಂದಲೇ ಅಚ್ಚಿಗೆ ಹೋಗುತ್ತಿದ್ದವು. ಅವಳು ಕಲ್ಲೋಳಿಯವಳು, ಮದುವೆಯಾಗಿರಲಿಲ್ಲ. ತಾಯಿ ಗೌರವ್ವನನ್ನು ಸಾಕುತ್ತಿದ್ದವಳು ಅವಳೇ. ಟೈಪಿಂಗ್ ಪರೀಕ್ಷೆ ಪಾಸು ಮಾಡಿ ಬಂದಿದ್ದರಿಂದ ಕೀಲಿಗಳನ್ನು ನೋಡದೆ ಬಡಿಯುತ್ತಿದ್ದಳು. ನೋಡಬೇಕೆಂದರೂ ಈಗ ಅವು ಸರಿಯಾಗಿ ಕಾಣುತ್ತಿರಲಿಲ್ಲ.

ಮೊದಲು ಕತ್ತಲಲ್ಲಿ ಎಡವತೊಡಗಿದಳು. ಆಮೇಲೆ ಅಕ್ಷರಗಳು ಒಂದರ ಮೇಲೊಂದು ಬಿದ್ದಂತೆ ಕಾಣತೊಡಗಿದವು. ಕಣ್ಣಿನ ಒಳಪರದೆ ಸಾಯುತ್ತ ಬಂದಿದೆ, ಚಷ್ಮಾ, ಆಪರೇಶನ್ ಯಾವುದರಿಂದಲೂ ಉಪಯೋಗವಿಲ್ಲ ಎಂದು ಮಿರಜಿನ ಡಾಕ್ಟರರು ಹೇಳಿ ಕಳಿಸಿದ್ದರು. ಹನಿ ಔಷಧಿ ಕೊಟ್ಟಿದ್ದಾರೆ ಎಂದಷ್ಟೇ ಅವಳು ತಾಯಿಗೆ ಹೇಳಿದಳು. ಪ್ರೆಸ್ಸಿನಲ್ಲಿ ಅದನ್ನೂ ಹೇಳಲಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಯಾವುದು ಎಲ್ಲಿದೆ ಎಂಬುದು ಅವಳಿಗೆ ಅಡುಗೆಮನೆಯ ಡಬ್ಬಿಗಳಷ್ಟೇ ಪಾಠವಾಗಿತ್ತು. ಅದರ ಬಲದ ಮೇಲೆ ದಿನ ಸಾಗುತ್ತಿತ್ತು.

ಆದರೆ ಆ ಕಂಪ್ಯೂಟರೇ ಸೋತಿತ್ತು. ಫೋಟೋ ಇದ್ದ ಪುಟ ತೆರೆಯುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ಎರಡು ಸಾವಿರದ ಎರಡರ ಬೇಸಿಗೆಯಲ್ಲಿ, ಲಗ್ನದ ಹಂಗಾಮಿನ ನಡುವೆ, ಅದು ದಿನಕ್ಕೆ ಹತ್ತು ಸಲ ನಿಲ್ಲತೊಡಗಿದಾಗ ಅಣ್ಣಾಸಾಹೇಬರು ಹೊಸದನ್ನು ತರಲು ನಿರ್ಧರಿಸಿದರು. ಶೋಭಾಳಿಗೆ ಒಳಗೊಳಗೇ ಖುಷಿಯಾಯಿತು. ಹದಿನೇಳು ಇಂಚಿನ ಪರದೆ ಬಂದರೆ ಅಕ್ಷರ ದೊಡ್ಡದು ಮಾಡಿಕೊಂಡು ಇನ್ನೊಂದೆರಡು ವರ್ಷ ದುಡಿಯಬಹುದೆಂದು ಲೆಕ್ಕ ಹಾಕಿದಳು.

"ದೊಡ್ಡದ ತಗೋರಿ ಮಾಲಕರ. ಇಡೀ ಕಾರ್ಡು ಒಮ್ಮಿಗೇ ಕಾಣತೈತಿ," ಎಂದು ದಿನಾ ಹೇಳತೊಡಗಿದಳು.

ಅಷ್ಟು ಸಲ ಹೇಳಬಾರದಿತ್ತು. ಅಣ್ಣಾಸಾಹೇಬರ ತಮ್ಮನ ಮಗಳು ರೂಪಾಲಿ ಕಾಲೇಜು ಮುಗಿಸಿ ಶೋಭಾಳ ಬಳಿ ಕೆಲಸ ಕಲಿಯುತ್ತಿದ್ದಳು. ಅಕ್ಕ ಪರದೆಗೆ ಮೂಗು ತಾಗಿಸಿ ಓದುತ್ತಾಳೆ ಎಂದು ಅವಳು ಮನೆಯಲ್ಲಿ ಊಟದ ಹೊತ್ತಿಗೆ ಅಂದಳು. ಅವಳು ದೊಡ್ಡ ಪರದೆಗಾಗಿ ಯಾಕೆ ಹಟ ಹಿಡಿದಿದ್ದಾಳೆಂದು ಅಣ್ಣಾಸಾಹೇಬರಿಗೆ ಅನುಮಾನ ಬಂತು.

ಶೋಭಾ, ರೂಪಾಲಿ ಇಬ್ಬರನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ಬೆಳಗಾವಿಗೆ ಹೋದರು. ಅಂಗಡಿಯವನು ಎರಡು ಕಂಪ್ಯೂಟರು ಚಾಲೂ ಮಾಡಿಟ್ಟ. ಒಂದಕ್ಕೆ ಹದಿನೈದು ಇಂಚಿನ ಪರದೆ, ಇನ್ನೊಂದಕ್ಕೆ ಹದಿನೇಳು. ಕನ್ನಡ ಅಕ್ಷರಗಳು ಹೇಗೆ ಮೂಡುತ್ತವೆಂದು ನೋಡಲು ಶೋಭಾ ತಾನು ಮಾಡಿದ ಮದುವೆ ಕಾರ್ಡನ್ನು ಫ್ಲಾಪಿಯಲ್ಲಿ ತಂದಿದ್ದಳು. ಅದೇ ಫ್ಲಾಪಿಯಲ್ಲಿ ಇನ್ನೂ ಒಂದೆರಡು ಕೆಲಸಗಳಿದ್ದವು. ಅಣ್ಣಾಸಾಹೇಬರು ಅಂಗಡಿಯವನ ಕಿವಿಯಲ್ಲಿ ಏನೋ ಹೇಳಿ, ಹದಿನೇಳು ಇಂಚಿನ ಪರದೆಯ ಮೇಲೆ ಒಂದು ಪುಟ ತೆರೆಸಿದರು. ಕುರ್ಚಿಯಲ್ಲಿ ಕೂತಿದ್ದ ಶೋಭಾ ಪರದೆಯತ್ತ ಬಾಗಲು ಹೋದಾಗ ಕೈ ಅಡ್ಡ ಹಿಡಿದರು.

"ಅಲ್ಲೇ ಕುಂತ ಓದ ಶೋಭಾ. ದೊಡ್ಡದ ಬೇಕಂದಾಕಿ ನೀನ."

ಅವಳಿಗೆ ಬೂದು ಗೆರೆಗಳಷ್ಟೇ ಕಂಡವು. ಆದರೆ ಕಾರ್ಡು ಬಾಯಿಪಾಠವಿತ್ತು. ಶುಭವಿವಾಹ ಎಂದು ಶುರು ಮಾಡಿ ವರನ ಹೆಸರು, ವಧುವಿನ ಹೆಸರು, ಅಕ್ಷತೆಯ ಮುಹೂರ್ತ ಎಲ್ಲವನ್ನೂ ಗಟ್ಟಿಯಾಗಿ ಹೇಳುತ್ತ ಹೋದಳು. ನಿಂತಿದ್ದ ಗಿರಾಕಿಗಳು ನಗತೊಡಗಿದರು. ರೂಪಾಲಿ ಅವಳ ತೋಳು ಹಿಡಿದು, ಅದು ತೀರಿಕೊಂಡವರ ಶಿವಗಣಾರಾಧನೆಯ ಪತ್ರಿಕೆ ಎಂದು ಪಿಸುಗುಟ್ಟಿದಳು.

ಅಣ್ಣಾಸಾಹೇಬರು ನಗಲಿಲ್ಲ. ಹದಿನೈದು ಇಂಚಿನದನ್ನು ಕಟ್ಟಲು ಹೇಳಿದರು. ಡಬ್ಬಿಗಳಿಂದ ವ್ಯಾನಿನ ಹಿಂದಿನ ಸೀಟು ತುಂಬಿತು. "ನೀ ಬಸ್ಸಿಗೆ ಬಾ," ಎಂದು ಹೇಳಿ ರೂಪಾಲಿಯನ್ನು ಮುಂದೆ ಕೂರಿಸಿಕೊಂಡು ಹೊರಟುಹೋದರು.

ಬೆಳಗಾವಿಯ ಬಸ್ ಸ್ಟ್ಯಾಂಡಿನಲ್ಲಿ ಅವಳ ಕಣ್ಣಿಗೆ ಎಲ್ಲ ಬಸ್ಸುಗಳೂ ಒಂದೇ ಆಗಿದ್ದವು. ಬಹಳ ಹೊತ್ತು ನಿಂತು, ಕೊನೆಗೆ ಪಕ್ಕದಲ್ಲಿದ್ದ ಮುದುಕನನ್ನು ಗೋಕಾಕದ ಬಸ್ಸು ಯಾವುದೆಂದು ಕೇಳಿದಳು. ಇಸ್ತ್ರಿಯ ಸೀರೆ, ಹೆಗಲಿನ ಚೀಲ ನೋಡಿ ಅವನಿಗೆ ಆಶ್ಚರ್ಯವಾಯಿತು.

"ಬೋರ್ಡ್ ಐತೆಲ್ಲವಾ. ಸಾಲಿ ಕಲತಿಲ್ಲೇನ?"

"ಇಲ್ರಿ," ಎಂದಳು ಶೋಭಾ. ಆ ಸುಳ್ಳು ಎಷ್ಟು ಸುಲಭವಾಗಿ ಬಂತೆಂದರೆ, ಬಸ್ಸಿನಲ್ಲಿ ಕೂತ ಮೇಲೆ, ಅಂಕಲಗಿ ದಾಟುವವರೆಗೂ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಮರುದಿನ ಎಂದಿನಂತೆ ಪ್ರೆಸ್ಸಿಗೆ ಹೋದಳು. ಅವಳ ಕುರ್ಚಿಯಲ್ಲಿ ರೂಪಾಲಿ ಇದ್ದಳು. ಲಗ್ನದ ಹಂಗಾಮು ಮುಗಿಯುವವರೆಗೆ ಹಿಂದೆ ಸ್ಟೂಲಿನ ಮೇಲೆ ಕೂತು ಹೇಳಿಕೊಡಲು ಅಣ್ಣಾಸಾಹೇಬರು ಹೇಳಿದರು. ಅವಳು ಹೇಳಿಕೊಟ್ಟಳು, ಏನನ್ನೂ ಮುಚ್ಚಿಡಲಿಲ್ಲ. ಮಳೆಗಾಲ ಹಿಡಿದಾಗ, ಇನ್ನು ನಾಳೆಯಿಂದ ಬರಬೇಡ ಎಂದರು. ಸಿಟ್ಟಿನಿಂದಲ್ಲ, ಊಟ ಆಯಿತೇ ಎಂದು ಕೇಳುವ ದನಿಯಲ್ಲಿ.

ಬಾಗಿಲಿನವರೆಗೆ ಬಂದ ರೂಪಾಲಿ ಕೇಳಿದಳು: "ಅಕ್ಕಾ, ನನ್ನ ಮ್ಯಾಲ ಸಿಟ್ಟ ಐತೇನ್ರಿ?"

"ಐತಿ," ಎಂದಳು ಶೋಭಾ.

ಆ ಹುಡುಗಿ ಅಳತೊಡಗಿದಳು. ಶೋಭಾ ಸಮಾಧಾನ ಮಾಡಲಿಲ್ಲ. ಗೋಡೆ ಹಿಡಿದು ಮೆಟ್ಟಿಲಿಳಿದು, ಕಲ್ಲೋಳಿಯ ಬಸ್ಸು ಯಾವುದೆಂದು ಕೇಳುತ್ತ ನಡೆದಳು.