ಮನೆಗೆಂದು ಉಳಿಸಿಕೊಂಡ ಮರ

ಕಡೂರಿನ ಕಾಲೇಜಿನಲ್ಲಿ ನಾನು ಗ್ರಂಥಪಾಲಕ. ಸಂಶೋಧನಾ ಲೇಖನವನ್ನು ಪತ್ರಿಕೆಗೆ ಕಳಿಸುವಾಗ, ಒಪ್ಪಿಗೆಯಾದ ಪ್ರತಿಯನ್ನು ಎಲ್ಲರಿಗೂ ಓದಲು ಕೊಡುವ ಹಕ್ಕು ಬರೆದವರಲ್ಲೇ ಉಳಿಯುತ್ತದೆ ಎಂಬ ಒಂದು ವಾಕ್ಯ ಸೇರಿಸಬೇಕೆಂದು ನಮ್ಮ ವಿಶ್ವವಿದ್ಯಾಲಯ ನಿಯಮ ಮಾಡಿತು. ಅದನ್ನು ಜಾರಿಗೆ ತರುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ತರೀಕೆರೆಗೆ, ಅಜ್ಜಂಪುರಕ್ಕೆ ಬಸ್ಸು ಹತ್ತಿ ಇಳಿದು ಅಲ್ಲಿನ ಕಾಲೇಜುಗಳ ಮೇಷ್ಟ್ರುಗಳಿಗೆ ಹೇಳಿದ್ದನ್ನೇ ಹೇಳಿದೆ. ಎಲ್ಲರೂ ಟೀ ಕುಡಿಸಿ ಆಯ್ತು ಸರ್ ಎಂದರು. ವಾಕ್ಯ ಮಾತ್ರ ಸೇರಿಸಲಿಲ್ಲ, ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಹಕ್ಕಿನ ಬಗ್ಗೆ ಭಾಷಣ ಬಿಗಿಯುವವರೇ ಒಪ್ಪಂದ ಓದದೆ ಸಹಿ ಹಾಕಿ ಸ್ವಂತ ಬರಹವನ್ನು ಕೊಟ್ಟುಬಿಡುತ್ತಾರಲ್ಲ ಎಂದು ನನಗೆ ಸಿಟ್ಟು. ಕೊನೆಕೊನೆಗೆ ಸಿಟ್ಟೂ ಸವೆದು ಬರೀ ಸುಸ್ತು ಉಳಿಯಿತು.

ಆ ವಾಕ್ಯವನ್ನು ಮನಸ್ಸಿಟ್ಟು ಬರೆದವರು ಅಜ್ಜಂಪುರದ ಕಡೆಯ ಸಸ್ಯಶಾಸ್ತ್ರದ ಮೇಡಂ ಒಬ್ಬರೇ. ತೆಂಗಿನ ಕಾಂಡದಲ್ಲಿ ರಸ ಸೋರುವ ರೋಗದ ಮೇಲೆ ಅವರ ಲೇಖನ. ಬಡ್ತಿಗೆ ಅದೊಂದೇ ಬಾಕಿ. ತೋಟದವರು ಮರ ಮುಟ್ಟಲು ಬಿಡುವಾಗ ಕೇಳಿದ್ದು ಒಂದೇ ಮಾತು, ಬರೆದದ್ದನ್ನು ನಮಗೂ ತೋರಿಸಬೇಕು ಎಂದು. ಮೇಡಂ ಒಪ್ಪಿಕೊಂಡಿದ್ದರು.

ಲೇಖನ ಒಪ್ಪಿಗೆಯಾಯಿತು. ಆ ವಾಕ್ಯ ಮಾತ್ರ ತೆಗೆಯಿರಿ ಎಂದು ಪತ್ರಿಕೆಯವರು ಬರೆದರು. ಮೇಡಂ ತೆಗೆಯಲು ಹೊರಟಿದ್ದಾರೆಂದು ತಿಳಿದು ಓಡಿದೆ.

“ಅವ್ರು ಒಪ್ಕೊಂಡಿದ್ದೇ ದೊಡ್ಡದು ಸರ್. ಊಟಕ್ಕೆ ಎಲೆ ಹಾಕಿ ಕೂರಿಸಿದೋರ ಹತ್ರ ಷರತ್ತು ಹಾಕಿದ್ರೆ ಚೆನ್ನಾಗಿರುತ್ತಾ?” ಎಂದರು.

ತೋಟದ ಫಸಲನ್ನು ಗುತ್ತಿಗೆಗೆ ಕೊಡುವಾಗ ಮನೆಗೆಂದು ನಾಲ್ಕು ಮರ ಉಳಿಸಿಕೊಳ್ಳುವುದು ನಮ್ಮ ಕಡೆಯ ವಾಡಿಕೆ. ಮೇಡಂ ಮನೆಯಲ್ಲೂ ಹಾಗೇ. ಗುತ್ತಿಗೆದಾರನ ಎದುರು ಇಲ್ಲದ ನಾಚಿಕೆ ಇಲ್ಲೇಕೆ ಎಂದು ಕೇಳಿದೆ. ವಾಕ್ಯ ಇರಲೇಬೇಕು ಎಂದು ಮೇಡಂ ಅಲ್ಲೇ ಕೂತು ಪತ್ರಿಕೆಗೆ ಬರೆದರು.

ಪತ್ರಿಕೆ ಲೇಖನವನ್ನೇ ಕೈಬಿಟ್ಟಿತು. ಆ ಸಲದ ಬಡ್ತಿಯೂ ಹೋಯಿತು. ನಿಯಮ ಹೇಳಿದವನು ನಾನು, ಕಳೆದುಕೊಂಡವರು ಅವರು. ನಿಯಮ ಮಾಡಿದವರಿಂದ ಒಂದು ಸಮಾಧಾನದ ಮಾತೂ ಬರಲಿಲ್ಲ.

ಮತ್ತೆ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಬೇರೆ ಪತ್ರಿಕೆಗೆ ಕಳಿಸುವಾಗ ಆ ವಾಕ್ಯ ಬಿಟ್ಟುಬಿಡಿ, ನಾನು ನೋಡಲಿಲ್ಲ ಅಂದುಕೊಳ್ಳುತ್ತೇನೆ ಎಂದೆ.

ಮೇಡಂ ನನ್ನನ್ನೇ ನೋಡಿದರು. “ಆಗಲ್ಲ ಸರ್. ನಿನ್ನೆ ತೋಟದಲ್ಲಿ ಕೂತು ಅಷ್ಟನ್ನೂ ಕನ್ನಡದಲ್ಲಿ ಓದಿ ಹೇಳ್ಬಿಟ್ಟೆ. ಆ ಪ್ರತೀನ ತೋಟದೋರೇ ಇಸ್ಕೊಂಡ್ರು. ಈಗ ಹೋಗಿ ವಾಪಸ್ ಕೊಡಿ ಅನ್ಲಾ?”

ಎಳನೀರು ಕೊಟ್ಟರು, ಮನೆಗೆ ಉಳಿಸಿಕೊಂಡ ಮರದ್ದಂತೆ. ಕುಡಿದು ಕಡೂರಿನ ಬಸ್ಸಿಗೆ ಕಾಯುತ್ತಾ ನಿಂತೆ.